ಹೊಲಿಗೆ ಮೆಷಿನ್ನಿನ ಕಥೆಯ ಉಳಿದ ಅರ್ಧ

ನನಗೆ ಶಾಲು ಹೊದೆಸಿದ ದಿನ ಬಂದಷ್ಟು ಸಿಟ್ಟು ಬೇರೆ ಯಾವತ್ತೂ ಬಂದಿರಲಿಲ್ಲ. ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಯುವ ಮೊದಲೇ ಬರೆದಿಡೋಣ ಎಂದು ಕುಳಿತಿದ್ದೇನೆ. ಮೊಮ್ಮಕ್ಕಳೇ, ನಿಮ್ಮಿಬ್ಬರಲ್ಲಿ ಕನ್ನಡ ಓದಲು ಬರುವುದು ಒಬ್ಬಳಿಗೆ ಮಾತ್ರ. ಅವಳು ಇನ್ನೊಬ್ಬನಿಗೆ ಓದಿ ಹೇಳಲಿ. ಅವನು ಮಲಯಾಳದಲ್ಲಿ ನಗಲಿ, ನನ್ನದೇನೂ ಅಡ್ಡಿಯಿಲ್ಲ.

ತಿರುವನಂತಪುರದಲ್ಲಿ ಬ್ಯಾಂಕಿಗೆ, ಕೇಂದ್ರ ಸರ್ಕಾರದ ಕಚೇರಿಗಳಿಗೆ, ವಿಜ್ಞಾನ ಸಂಸ್ಥೆಗಳಿಗೆ ವರ್ಗವಾಗಿ ಬಂದ ನಮ್ಮವರೆಲ್ಲ ಸೇರಿ ನಡೆಸುವ ಒಂದು ಕನ್ನಡ ಸಂಘ ಇದೆ. ವರ್ಷಕ್ಕೊಮ್ಮೆ ಒಬ್ಬ ತಾಯಿಗೆ ಸನ್ಮಾನ ಮಾಡುವುದು ಅಲ್ಲಿನ ಪದ್ಧತಿ. ತಾಯಿಯನ್ನು ವೇದಿಕೆಯ ಕುರ್ಚಿಯಲ್ಲಿ ಕೂರಿಸುತ್ತಾರೆ, ಅವಳ ಮಗನೋ ಮಗಳೋ ಅವಳ ಬಗ್ಗೆ ಮಾತಾಡುತ್ತಾರೆ, ಆಮೇಲೆ ಶಾಲು, ಹಣ್ಣಿನ ಬುಟ್ಟಿ. ಈ ವರ್ಷ ನನ್ನನ್ನು ಕೂರಿಸಿದರು. ನನ್ನ ಮಗ ಅಲ್ಲಿ ಒಂದು ಕೇಂದ್ರೀಯ ಸಂಸ್ಥೆಯಲ್ಲಿ ಎಂಜಿನಿಯರ್, ಸಂಘದ ಕಾರ್ಯದರ್ಶಿ ಕೂಡ. ನಾನು ಕೊಚ್ಚಿಯ ಕಳಮಶ್ಶೇರಿಯಲ್ಲಿ ಮಗಳ ಮನೆಯಲ್ಲಿರುವವಳು. ಮಗಳಿಗೆ ಬ್ಯಾಂಕಿನಲ್ಲಿ ರಜೆ ಸಿಗಲಿಲ್ಲ. ಅವಳ ಮಗಳು, ಹದಿನೆಂಟು ತುಂಬಿದ ನನ್ನ ಮೊಮ್ಮಗಳು, ನನ್ನ ಚೀಲ ಹಿಡಿದುಕೊಂಡು ರೈಲಿನಲ್ಲಿ ಜೊತೆಗೆ ಬಂದಳು.

ನನಗೆ ನಾಲ್ಕು ಜನರೆದುರು ನಿಲ್ಲುವುದೆಂದರೆ ಚಿಕ್ಕಂದಿನಿಂದಲೂ ಕೈಕಾಲು ತಣ್ಣಗಾಗುತ್ತದೆ. ಸೆರಗನ್ನು ಎರಡೂ ಕೈಯಲ್ಲಿ ಹಿಡಿದು, ನೆಲದ ಕಾರ್ಪೆಟ್ಟಿನ ಹೂವು ನೋಡುತ್ತ ಕೂತಿದ್ದೆ. ಮಗ ಮೈಕಿನ ಮುಂದೆ ನಿಂತು ಹೇಳಿದ:

"ನಮ್ಮ ತಾಯಿ ಓದಿದ್ದು ಏಳನೇ ತರಗತಿ. ಆದರೆ ಅವರ ಕೈಯಲ್ಲಿ ಒಂದು ಕಸುಬು ಇತ್ತು. ನಮ್ಮ ತಂದೆ ತೀರಿಕೊಂಡಾಗ ನಮ್ಮನ್ನು ಕಾಪಾಡಿದ್ದು ಯಾವ ಡಿಗ್ರಿಯೂ ಅಲ್ಲ, ಒಂದು ಹೊಲಿಗೆ ಮೆಷಿನ್ನು. ಇವತ್ತಿನ ಮಕ್ಕಳು ಇದನ್ನು ತಿಳಿದುಕೊಳ್ಳಬೇಕು. ಚರಿತ್ರೆ, ಸಾಹಿತ್ಯ, ತತ್ವಶಾಸ್ತ್ರ ಇವೆಲ್ಲ ಹೊಟ್ಟೆ ತುಂಬಿದವರಿಗೆ. ಮೊದಲು ಕೈಗೊಂದು ಕೆಲಸ."

ಹೇಳುತ್ತ ಅವನು ಸಭೆಯನ್ನು ನೋಡಲಿಲ್ಲ. ಎರಡನೇ ಸಾಲಿನಲ್ಲಿ ಕೂತಿದ್ದ ಮೊಮ್ಮಗಳನ್ನೇ ನೋಡಿದ. ಜನ ಚಪ್ಪಾಳೆ ತಟ್ಟಿದರು. ಅವಳು ತಟ್ಟಬೇಕೋ ಬೇಡವೋ ತಿಳಿಯದೆ ನನ್ನ ಚೀಲವನ್ನು ಮಡಿಲಲ್ಲಿ ಅವುಚಿಕೊಂಡಿದ್ದಳು. ಆಗ ನನಗೆ ಅರ್ಥವಾಯಿತು. ಸನ್ಮಾನ ನನಗಲ್ಲ. ಆ ಹುಡುಗಿಯ ಬಾಯಿ ಮುಚ್ಚಿಸಲು ನನ್ನನ್ನು ಕುರ್ಚಿಯಲ್ಲಿ ಕೂರಿಸಿದ್ದರು.

ಮೈಕನ್ನು ನನ್ನ ಕಡೆ ಹಿಡಿದರು. "ಎರಡು ಮಾತು ಹೇಳಿ ಅಮ್ಮ." ಹೇಳಲು ನನ್ನ ಹತ್ತಿರ ಎರಡಲ್ಲ, ಇನ್ನೂರು ಮಾತಿತ್ತು. "ಎಲ್ಲರಿಗೂ ನಮಸ್ಕಾರ" ಎಂದು ಕೂತೆ. ಅದಕ್ಕೂ ಚಪ್ಪಾಳೆ ತಟ್ಟಿದರು.

ವಿಷಯ ಏನೆಂದರೆ, ಮೊಮ್ಮಗಳಿಗೆ ತಿರುವನಂತಪುರದ ಒಂದು ಕಾಲೇಜಿನಲ್ಲಿ ಚರಿತ್ರೆ ಓದಲು ಸೀಟು ಸಿಕ್ಕಿತ್ತು. ಅವಳೇ ಅರ್ಜಿ ಹಾಕಿದ್ದು, ಅವಳ ಅಂಕಕ್ಕೇ ಸಿಕ್ಕಿದ್ದು. ಸನ್ಮಾನ ಭಾನುವಾರ. ಸೋಮವಾರ ಮಧ್ಯಾಹ್ನದೊಳಗೆ ಹೋಗಿ ಸೇರದಿದ್ದರೆ ಸೀಟು ಮುಂದಿನವರಿಗೆ. ಅವಳು ಮಾವನ, ಅಂದರೆ ನನ್ನ ಮಗನ, ಮನೆಯಲ್ಲಿದ್ದು ಓದುವುದೆಂದು ಮೊದಲು ಮಾತಾಗಿತ್ತು. ಆಮೇಲೆ ಮಾವ ಯೋಚನೆ ಬದಲಾಯಿಸಿದ. ನಮ್ಮ ಕೊಚ್ಚಿಯ ಎಡಪ್ಪಳ್ಳಿಯಲ್ಲಿ, ಅಲ್ಲಿನ ಮಾಲ್‌ನಿಂದ ಸ್ವಲ್ಪ ಆಚೆ, ಒಂದು ಮಹಡಿಯ ಮೇಲೆ ಲಾಜಿಸ್ಟಿಕ್ಸ್ ಡಿಪ್ಲೊಮಾ ಕಲಿಸುತ್ತಾರೆ. ಸಾಮಾನು ಎಲ್ಲಿಂದ ಎಲ್ಲಿಗೆ ಹೋಗಬೇಕು, ಗೋದಾಮಿನಲ್ಲಿ ಹೇಗಿಡಬೇಕು ಎಂಬ ಓದು. ಒಂದು ವರ್ಷ, ಮುಗಿದ ಕೂಡಲೇ ಕೆಲಸ ಎಂದು ಹೊರಗೆ ಮನೆಯಷ್ಟು ದೊಡ್ಡ ಬೋರ್ಡು. ಅದರಲ್ಲಿ ಕೋಟು ಹಾಕಿದ ಹುಡುಗಿಯೊಬ್ಬಳು ಹಡಗಿನ ಮುಂದೆ ನಿಂತು ನಗುತ್ತಾಳೆ. ನನ್ನ ಮಗ ಫೋನಿನಲ್ಲೇ ಎಲ್ಲ ತೀರ್ಮಾನಿಸಿದ. ನನ್ನ ಮಗಳು, "ಅಣ್ಣನಿಗೆ ಹೊರಗಿನ ವಿಷಯ ಗೊತ್ತುಂಟು" ಎಂದಳು. ಅಳಿಯ ಹುಬ್ಬಳ್ಳಿಗೆ ವರ್ಗವಾಗಿದ್ದಾರೆ. ಅವರು ಅಲ್ಲಿಂದಲೇ, "ಭಾವ ಹೇಳಿದ ಹಾಗೆ ಆಗಲಿ" ಎಂದರು. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಇದು ನನಗೆ ಹೊಸದಲ್ಲ. ನನ್ನನ್ನೂ ಯಾರೂ ಕೇಳಿರಲಿಲ್ಲ.

ಪುತ್ತೂರಿನ ಕಡೆಯ ನಮ್ಮ ಹಳ್ಳಿಯಲ್ಲಿ ಶಾಲೆ ಇದ್ದದ್ದು ಏಳರವರೆಗೆ. ನಮ್ಮ ಮೇಷ್ಟ್ರು ಒಂದು ದಿನ ಏಷ್ಯಾದ ನಕ್ಷೆ ತಂದು ಗೋಡೆಗೆ ತೂಗುಹಾಕಿದರು. ಅದರ ಗೆರೆಗಳನ್ನು ಯಾರು ಎಳೆದರು, ಅವರಿಗೆ ಎಳೆಯಲು ಯಾರು ಹೇಳಿದರು ಎಂದು ನಾನು ಪಕ್ಕದವಳ ಹತ್ತಿರ ಪಿಸುಗುಟ್ಟಿದೆ. ಅವಳು ಗಟ್ಟಿಯಾಗಿ ಮೇಷ್ಟ್ರಿಗೆ ಹೇಳಿಬಿಟ್ಟಳು. ಮೇಷ್ಟ್ರು ಸಿಟ್ಟಾಗಲಿಲ್ಲ. "ಅದು ಹೈಸ್ಕೂಲಿನಲ್ಲಿ ಉಂಟು, ಹೋದ ಮೇಲೆ ಗೊತ್ತಾಗ್ತದೆ" ಎಂದರು. ನಾನು ಹೋಗುವ ಆಸೆಯಲ್ಲೇ ಇದ್ದೆ. ಅಪ್ಪ ಇಲ್ಲದ ಹುಡುಗಿ, ಸೋದರಮಾವ ಹೇಳಿದ್ದೇ ಮಾತು. ಅವರು ನನ್ನನ್ನು ಪಂಚಾಯ್ತಿ ಕಟ್ಟಡದ ಹೊಲಿಗೆ ಕ್ಲಾಸಿಗೆ ಹಾಕಿದರು. ಅವರೂ ಒಳ್ಳೆಯದಕ್ಕೇ ಹಾಕಿದ್ದು. ಎಲ್ಲರೂ ಒಳ್ಳೆಯದಕ್ಕೇ ಹಾಕುತ್ತಾರೆ.

ಆ ಕ್ಲಾಸಿನಲ್ಲಿ ಟೀಚರ ಬಳಿ ಖಾಕಿ ಕಾಗದದ ಕಟಿಂಗ್‌ಗಳಿದ್ದವು. ರವಿಕೆಗೆ ದೊಡ್ಡದು, ನಡುವಿನದು, ಚಿಕ್ಕದು. ಬಟ್ಟೆಯ ಮೇಲೆ ಕಾಗದ ಇಡಬೇಕು, ಸೀಮೆಸುಣ್ಣದಿಂದ ಗೆರೆ ಎಳೆಯಬೇಕು, ಕತ್ತರಿಸಬೇಕು. ಕಂಕುಳ ಹತ್ತಿರ ಇಷ್ಟು ಒಳಗೆ ಯಾಕೆ ತಿರುಗಬೇಕು ಎಂದು ಕೇಳಿದ್ದಕ್ಕೆ ಟೀಚರು, "ಯಾಕೆ ಅಂತ ಕೇಳ್ಬೇಡ, ಗೆರೆ ಮೇಲೆ ಕತ್ತರಿಸು" ಎಂದರು. ನಾನು ನಾಚಿಕೆಯವಳು, ಮತ್ತೆ ಕೇಳಲಿಲ್ಲ. ಗೆರೆಯ ಮೇಲೆ ಚೆನ್ನಾಗಿ ಕತ್ತರಿಸಿದೆ. ನನಗೇ ಮೊದಲ ಬಹುಮಾನ ಬಂತು.

ಮದುವೆಯಾಗಿ ಕೊಚ್ಚಿಯ ಹತ್ತಿರದ ಏಲೂರಿಗೆ ಬಂದೆ. ನಿಮ್ಮ ಅಜ್ಜ ಅಲ್ಲಿನ ಗೊಬ್ಬರದ ಕಾರ್ಖಾನೆಯಲ್ಲಿ ಫಿಟ್ಟರ್. ಕ್ವಾರ್ಟರ್ಸಿನ ಅಂಗಳದಲ್ಲಿ ಒಣಗಿದ ಬಟ್ಟೆಗೂ ಕಾರ್ಖಾನೆಯ ವಾಸನೆ. ಪಕ್ಕದ ಮನೆಯ ಚೇಚ್ಚಿ, ಅಂದರೆ ಅಕ್ಕ, ನಾನು ಹೊಲಿಯುತ್ತೇನೆಂದು ತಿಳಿದು ಒಂದು ಓಣಂಗೆ ರವಿಕೆ ಬಟ್ಟೆ ತಂದುಕೊಟ್ಟರು. ಅವರಿಗೆ ಹುಟ್ಟಿನಿಂದ ಎಡಭುಜ ಸ್ವಲ್ಪ ತಗ್ಗು. ನಾನು ನಡುವಿನ ಅಳತೆಯ ಕಟಿಂಗ್ ಇಟ್ಟು, ಗೆರೆಯ ಮೇಲೇ ಕತ್ತರಿಸಿ, ಹೊಲಿದು ಕೊಟ್ಟೆ. ಓಣಂ ದಿನ ಅವರು ಎಡಗೈಯಲ್ಲಿ ರವಿಕೆಯನ್ನು ಕೆಳಗೆ ಎಳೆಯುತ್ತಲೇ ಪಾಯಸ ತಂದುಕೊಟ್ಟರು. "ಸಾರಮಿಲ್ಲ ಮೋಳೆ" ಎಂದರು. ಪರವಾಗಿಲ್ಲ ಮಗಳೇ ಎಂದು. ಮಾರನೇ ದಿನ ಅವರ ಹಳೆಯ, ಸರಿಯಾಗಿ ಕೂರುವ ರವಿಕೆಯೊಂದನ್ನು ಕೇಳಿ ತಂದು, ಹೊಲಿಗೆಯನ್ನೆಲ್ಲ ಬಿಚ್ಚಿ ತುಂಡುಗಳನ್ನು ನೆಲದ ಮೇಲೆ ಹರಡಿದೆ. ಎಡದ ತುಂಡೂ ಬಲದ ತುಂಡೂ ಒಂದೇ ಆಗಿರಲಿಲ್ಲ. ಕಂಕುಳ ಹತ್ತಿರ ಒಳಗೆ ತಿರುಗುವುದು ಯಾಕೆಂದು ಆವತ್ತು ಗೊತ್ತಾಯಿತು. ಗೊತ್ತಾದಾಗ ಆದ ಸಂತೋಷ ನನಗೆ ಮೊದಲ ಬಹುಮಾನ ಬಂದಾಗ ಆಗಿರಲಿಲ್ಲ. ಆ ಸಂತೋಷವನ್ನು ಕ್ಲಾಸಿನಲ್ಲೇ ಕೊಡಬಹುದಿತ್ತು. ಕೊಡಲಿಲ್ಲ. ಹೊಲಿಯುವ ಹುಡುಗಿಗೆ ಯಾಕೆ ಎಂಬುದು ಯಾಕೆ ಬೇಕು ಎಂದು ಯಾರೋ ಮೊದಲೇ ತೀರ್ಮಾನಿಸಿದ್ದರು.

ನಿಮ್ಮ ಅಜ್ಜ ತೀರಿಕೊಂಡಾಗ ನನ್ನ ಮಗ ಹೈಸ್ಕೂಲಿನಲ್ಲಿದ್ದ. ಮಗಳು ಇನ್ನೂ ಚಿಕ್ಕವಳು. ಮೆಷಿನ್ನು ನಮ್ಮನ್ನು ಸಾಕಿತು, ಅದು ನಿಜ. ಎಷ್ಟು ದಿನ ಸಾಕಿತು ಎಂಬುದನ್ನು ಮಗ ವೇದಿಕೆಯಲ್ಲಿ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮಗನ ಮನೆಯಲ್ಲಿ ಪುಟ್ಟು, ಕಡಲೆ. ಶಾಲು ಸೋಫಾದ ಮೇಲೆ ಮಡಿಚಿಟ್ಟಿತ್ತು. ಮೇಜಿನ ಸುತ್ತ ಮಗ, ಇಬ್ಬರು ಮೊಮ್ಮಕ್ಕಳು, ನಾನು. ಮಗನ ಮಗ ಎಂಜಿನಿಯರಿಂಗ್ ಮೂರನೇ ವರ್ಷ. ಸೊಸೆ ಅಡುಗೆಮನೆಯಲ್ಲಿದ್ದಳು.

"ಅಮ್ಮಾ, ನಿನ್ನೆ ಎಲ್ರ ಬಾಯಲ್ಲೂ ನಿನ್ನದೇ ಮಾತು" ಎಂದ ಮಗ. ಮೊಮ್ಮಗಳ ಕಡೆ ತಿರುಗಿ, "ನೀನೂ ಕೇಳಿದಿಯಲ್ಲ? ಇವತ್ತು ಅಜ್ಜಿ ಜೊತೆ ಎರಡು ಗಂಟೆ ರೈಲಿಗೆ ಹೊರಡು. ನಾಳೆ ಎಡಪ್ಪಳ್ಳಿಗೆ ಹೋಗಿ ಸೇರಿಕೋ. ಒಂದು ವರ್ಷದಲ್ಲಿ ನಿನ್ನ ಕಾಲ ಮೇಲೆ ನೀನು" ಎಂದ.

ಅವಳು ಮಲಯಾಳದಲ್ಲಿ, ಬಹಳ ಮೆಲ್ಲಗೆ, "ಮಾವ, ನನಗೆ ಅದು ಬೇಡ" ಎಂದಳು.

"ಹಿಸ್ಟರಿ ಓದಿ ಎಂತ ಮಾಡ್ತಿ? ಮ್ಯೂಸಿಯಂ ಬಾಗಿಲಲ್ಲಿ ಟಿಕೆಟ್ ಹರಿಯುವುದಾ?"

"ಅದಕ್ಕೂ ಪರೀಕ್ಷೆ ಉಂಟು ಅಪ್ಪ, ಸುಮ್ನೆ ಸಿಗುದಿಲ್ಲ" ಎಂದ ಅವನ ಮಗ.

"ನೀನು ನಿನ್ನ ಬಾಕಿ ಪೇಪರು ನೋಡ್ಕೋ. ನಿನ್ನನ್ನು ಯಾರೂ ಕೇಳ್ಲಿಲ್ಲ."

ಮೊಮ್ಮಗಳ ತಟ್ಟೆಯಲ್ಲಿ ಪುಟ್ಟು ಹಾಗೇ ಇತ್ತು. ಅವಳು ಬೆರಳಿನಿಂದ ಅದನ್ನು ಪುಡಿ ಮಾಡುತ್ತಿದ್ದಳು. ನಾನು ಹೇಳಿದೆ, "ನೀನು ನಿನ್ನೆ ಹೇಳಿದ್ದು ಅರ್ಧ ಕಥೆ."

ಮಗ ನನ್ನ ಕಡೆ ನೋಡಿದ. ಅವನ ತೀರ್ಮಾನದ ನಡುವೆ ನಾನು ಮೊದಲು ಯಾವತ್ತಾದರೂ ಬಾಯಿ ಹಾಕಿದ್ದು ಅವನಿಗೆ ನೆನಪಿರಲಿಕ್ಕಿಲ್ಲ. "ಯಾವ ಅರ್ಧ ಅಮ್ಮ?"

"ಮೆಷಿನ್ನು ನಿಂತ ಮೇಲಿನದ್ದು."

"ಅದೆಲ್ಲ ಈಗ ಎಂತಕ್ಕೆ?"

"ಇವಳಿಗೆ ನನ್ನನ್ನು ಉದಾಹರಣೆ ಕೊಟ್ಟದ್ದು ನೀನು. ಕೊಡುವುದಾದ್ರೆ ಪೂರ್ತಿ ಕೊಡು. ಶಾಲು ನನಗೆ ಹೊದೆಸಿದ್ದಾ, ಮೆಷಿನ್ನಿಗೆ ಹೊದೆಸಿದ್ದಾ?"

ಮೊಮ್ಮಗ ನಗು ತಡೆಯಲು ನೀರು ಕುಡಿದ. ಸೊಸೆ ಗ್ಯಾಸ್ ಸಣ್ಣ ಮಾಡಿ ಬಾಗಿಲಿಗೆ ಬಂದು ನಿಂತಳು. ಆಮೇಲೆ ಹೇಳಿದ್ದನ್ನೆಲ್ಲ ಇಲ್ಲಿ ಕ್ರಮವಾಗಿ ಬರೆಯುತ್ತೇನೆ. ಆವತ್ತು ಅಷ್ಟು ಕ್ರಮವಾಗಿ ಬಂದಿರಲಿಲ್ಲ.

ಎಡಪ್ಪಳ್ಳಿಯಲ್ಲಿ ರೆಡಿಮೇಡ್ ಅಂಗಡಿಗಳು ಒಂದರ ಹಿಂದೆ ಒಂದು ಬಂದವು. ಹೆಂಗಸರು ಮನೆಯಲ್ಲಿ ನೈಟಿ, ಹೊರಗೆ ಚೂಡಿದಾರ್ ಹಾಕತೊಡಗಿದರು. ಎರಡೂ ಹೊಲಿದೇ ಸಿಗುತ್ತಿದ್ದವು, ನಾನು ಬಟ್ಟೆ ತರುವ ಬೆಲೆಗೆ. ನನ್ನ ಮೆಷಿನ್ನಿಗೆ ಉಳಿದದ್ದು ಹರಿದ ಜಿಪ್ಪು, ಬಿಚ್ಚಿದ ಅಂಚು. ಕೈಗೆ ಒಂದು ಕೆಲಸ ಕಲಿಸಿದ್ದರು. ಆ ಕೆಲಸ ಹೋದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಮೂವತ್ತು ದಾಟಿ ಎಷ್ಟೋ ವರ್ಷವಾದ ಹೆಂಗಸು, ಮಲಯಾಳ ಓದಲು ಬಾರದು, ಇಂಗ್ಲಿಷ್ ಇಲ್ಲ, ಕೈಯಲ್ಲಿ ಖಾಕಿ ಕಾಗದ. ಕಳಮಶ್ಶೇರಿಯಲ್ಲಿ ಕಾಲೇಜು ಹುಡುಗಿಯರ ಹಾಸ್ಟೆಲಿನ ಅಡುಗೆಮನೆಗೆ ಸೇರಿದೆ. ನನ್ನ ಮಗ ಆಗ ಎಂಜಿನಿಯರಿಂಗ್ ಓದುತ್ತಿದ್ದ. ಗೆಳೆಯರು ಕೇಳಿದರೆ, "ಅಮ್ಮ ಯೂನಿವರ್ಸಿಟಿ ಹತ್ತಿರ ಕೆಲಸದಲ್ಲಿದ್ದಾರೆ" ಎನ್ನುತ್ತಿದ್ದ. ಅವನ ಓದು ಮುಗಿದದ್ದು, ಅವನ ತಂಗಿಯ ಓದು ಮುಗಿದದ್ದು ಆ ಅಡುಗೆಮನೆಯ ಸಂಬಳದಲ್ಲಿ. ಹೊಲಿಗೆ ಮೆಷಿನ್ನು ವೇದಿಕೆಗೆ ಚೆಂದ ಕಾಣುತ್ತದೆ. ಸಾಂಬಾರಿನ ಕೊಪ್ಪರಿಗೆ ಚೆಂದ ಕಾಣುವುದಿಲ್ಲ.

ಆ ಅಡುಗೆಮನೆಯಲ್ಲಿ ನಾವು ಆರೇಳು ಜನ ಹೆಂಗಸರು. ಒಬ್ಬಳಿಗೆ ಬುಟ್ಟಿ ಹೆಣೆಯಲು ಬರುತ್ತಿತ್ತು, ಒಬ್ಬಳು ನಾರಿನ ಕಾರ್ಖಾನೆಯಲ್ಲಿ ಹಗ್ಗ ಹೊಸೆದವಳು, ನಾನು ಹೊಲಿಗೆಯವಳು. ಎಲ್ಲರ ಕೈಯಲ್ಲೂ ಕೆಲಸ ಇತ್ತು. ಬೆಳಿಗ್ಗೆ ಕತ್ತಲಲ್ಲಿ ಬಂದು ರಾತ್ರಿ ಪಾತ್ರೆ ತೊಳೆದು ಹೋಗುತ್ತಿದ್ದೆವು, ವಾರದ ಏಳೂ ದಿನ. ಚರಿತ್ರೆ ಓದುವ ಒಬ್ಬ ಹುಡುಗಿ ಇದ್ದಳು. ಕನ್ನಡಕದ ಕಡ್ಡಿಗೆ ದಾರ ಸುತ್ತಿಕೊಂಡವಳು, ಊಟಕ್ಕೆ ಯಾವಾಗಲೂ ತಡ. ಒಂದು ದಿನ ತಟ್ಟೆ ಒಡ್ಡುತ್ತ, "ಚೇಚ್ಚಿ, ನಿಮಗೆ ರಜೆ ಯಾವತ್ತು?" ಎಂದಳು. ನಾವೆಲ್ಲ ನಕ್ಕೆವು. ಅನ್ನ ಬಡಿಸುವ ಚೇಚ್ಚಿ, "ನಿನಗೆ ಕೆಲಸ ಯಾರು ಕೊಡ್ತಾರೆ, ಹೀಗೆಲ್ಲ ಕೇಳಿದ್ರೆ" ಎಂದರು. ಹುಡುಗಿ ನಗಲಿಲ್ಲ. ಮೊದಲು ಕಾರ್ಖಾನೆಗಳಲ್ಲೂ ರಜೆ ಇರಲಿಲ್ಲ, ಕೇಳಿದ ಮೇಲೆ ಬಂತು, ಯಾರೂ ಕರೆದು ಕೊಡಲಿಲ್ಲ ಎಂದು ಅಲ್ಲೇ ನಿಂತು, ಸಾಂಬಾರು ತಣ್ಣಗಾಗುವವರೆಗೆ ಹೇಳಿದಳು. ಆಮೇಲೆ ವಾರ್ಡನ್ ಹತ್ತಿರ ಹೋದಳು, ಇನ್ನೂ ಕೆಲವರನ್ನು ಕರೆದುಕೊಂಡು. ಒಂದು ಸಲಕ್ಕೆ ಆಗಲಿಲ್ಲ. ಕೊನೆಗೆ ನಮಗೆ ಸರದಿಯಂತೆ ವಾರಕ್ಕೊಂದು ದಿನ ರಜೆ ಸಿಕ್ಕಿತು. ನನ್ನ ಮೊದಲ ರಜೆಯ ದಿನ ಏನು ಮಾಡಬೇಕೆಂದು ತಿಳಿಯದೆ ಬೆಳಿಗ್ಗೆ ಎದ್ದು ಹಾಸ್ಟೆಲಿನ ಗೇಟಿನವರೆಗೆ ಹೋಗಿ ವಾಪಸು ಬಂದೆ. ಮಲಯಾಳ ಅಕ್ಷರ ಕಲಿತದ್ದು ಅಂಥ ರಜೆಗಳಲ್ಲೇ, ಆ ಹುಡುಗಿಯರು ಬಿಟ್ಟುಹೋದ ಹಳೆಯ ಪೇಪರುಗಳಲ್ಲಿ.

"ಕೈಕೆಲಸ ಗೊತ್ತಿದ್ದ ನಾವು ಅಷ್ಟು ಜನರಲ್ಲಿ ಒಬ್ಬಳಿಗೂ ಆ ಪ್ರಶ್ನೆ ಬಂದಿರ್ಲಿಲ್ಲ" ಎಂದು ಮಗನಿಗೆ ಹೇಳಿದೆ. "ನಮಗೆ ಬುದ್ಧಿ ಇಲ್ಲದ್ದಕ್ಕೆ ಅಲ್ಲ. ಗೆರೆ ಮೇಲೆ ಕತ್ತರಿಸು ಅಂತ ಕಲಿಸಿದ್ರು, ಕತ್ತರಿಸಿದೆವು."

"ಅಮ್ಮಾ, ಲೋಕ ಈಗ ಹಾಗಿಲ್ಲ. ಡಿಗ್ರಿ ಮಾಡಿದವರು ಬೇಕಾದಷ್ಟು ಜನ ಸುಮ್ನೆ ಕೂತಿದ್ದಾರೆ. ಇವಳಿಗೆ ನಾಳೆ ಊಟಕ್ಕೆ ಯಾರು ಹಾಕ್ತಾರೆ? ಕೈಕೆಲಸ ಅಂದ್ರೆ ನಿನಗೆ ಅಷ್ಟು ಕೀಳಾ?"

ಆಗ ಹಿಂದಿನ ದಿನದ ಸಿಟ್ಟು ಮತ್ತೆ ಏರಿತು. ಪಕ್ಕದಲ್ಲೇ ಅವನ ಮಗ ಕೂತಿದ್ದ. ಈ ಹುಡುಗ ಬೀದಿಯ ಅರ್ಧ ಮನೆಗಳ ಎಸಿ ಬಿಚ್ಚಿ ಸರಿ ಮಾಡುತ್ತಾನೆ. ಪ್ಲಸ್ ಟೂ ಆದ ಮೇಲೆ ಐಟಿಐಗೆ ಹೋಗುತ್ತೇನೆ, ಎಸಿ ಕೆಲಸ ಸರಿಯಾಗಿ ಕಲಿಯುತ್ತೇನೆ ಎಂದು ಕೇಳಿಕೊಂಡಿದ್ದ. ನಮ್ಮ ಮನೆಯ ಮಕ್ಕಳು ಐಟಿಐಗೆ ಹೋಗುವುದಿಲ್ಲ ಎಂದು ಅವನನ್ನು ಎಂಜಿನಿಯರಿಂಗಿಗೆ ತಳ್ಳಿದ್ದು ಇದೇ ಅಪ್ಪ.

"ಕೀಳು ಅಂದದ್ದು ನಾನಾ?" ಎಂದೆ. "ಕಸುಬು ಬೇಕು ಅಂದವನಿಗೆ ಮರ್ಯಾದೆ ಹೋಗ್ತದೆ ಅಂದಿ. ಓದ್ಬೇಕು ಅಂದವಳಿಗೆ ಹೊಟ್ಟೆ ತುಂಬುದಿಲ್ಲ ಅಂತಿ. ಯಾರಿಗೆ ಯಾವುದು ಬೇಕೋ ಅದು ಬಿಟ್ಟು ಬಾಕಿ ಎಲ್ಲ ನಿನಗೆ ಸರಿ. ನಮ್ಮ ಮನೆ ಮಕ್ಕಳು ಐಟಿಐಗೆ ಹೋಗುದಿಲ್ವಾ? ಹಾಗಾದ್ರೆ ನಿನ್ನ ಅಪ್ಪ ಯಾರ ಮನೆ ಮಗ? ಅವರು ಎಲ್ಲಿ ಕಲಿತು ಫಿಟ್ಟರ್ ಆದದ್ದು?"

ಬಾಗಿಲಲ್ಲಿದ್ದ ಸೊಸೆ ಕೆಳಗೆ ನೋಡಿದಳು, ಆದರೆ ಒಳಗೆ ಹೋಗಲಿಲ್ಲ.

ಮಗ ತಟ್ಟೆ ಆಚೆ ಸರಿಸಿ, "ಸರಿ. ಅವಳನ್ನು ನಾನು ಇಲ್ಲಿ ಇಟ್ಕೊಳ್ಳುದಿಲ್ಲ ಅಂದ್ರೆ?" ಎಂದ. ಅವನಿಗೆ ಉಳಿದಿದ್ದ ಒಂದೇ ಬೀಗ ಅದು.

"ಬೇಡ, ಇಟ್ಕೊಳ್ಬೇಡ. ಹಾಸ್ಟೆಲ್ ಉಂಟು. ಹಾಸ್ಟೆಲ್ ಅಂದ್ರೆ ಎಂತ ಅಂತ ನನಗೆ ನಿನಗಿಂತ ಚೆನ್ನಾಗಿ ಗೊತ್ತುಂಟು. ಏಳು ಮಗಳೇ, ಕೈ ತೊಳ್ಕೊ."

ಕೊಚ್ಚಿಗೆ ಫೋನು ಮಾಡಿ ಮಗಳಿಗೆ ವಿಷಯ ಹೇಳಿದೆ. ಅವಳು ಮೊದಲು, "ಅಣ್ಣ ಎಂತ ಹೇಳಿದ?" ಎಂದಳು. "ಅಣ್ಣ ಹೇಳಿದ್ದು ಸಾಕು, ನಿನ್ನ ಮಗಳು ಎಂತ ಹೇಳಿದಳು ಕೇಳು" ಎಂದು ಫೋನನ್ನು ಹುಡುಗಿಯ ಕೈಗೆ ಕೊಟ್ಟೆ. ಅಮ್ಮನೂ ಮಗಳೂ ಬಹಳ ಹೊತ್ತು ಮಾತಾಡಿದರು, ಮಲಯಾಳದಲ್ಲಿ, ಜಗಳದ ಹಾಗೆ ಶುರುವಾಗಿ ಅಳುವಿನಲ್ಲಿ ಮುಗಿಯಿತು. ಕೊನೆಗೆ ಅವಳು ನನ್ನ ಕಡೆ ನೋಡಿ ತಲೆಯಾಡಿಸಿದಳು. ಅಮ್ಮ ಒಪ್ಪಿದ್ದರು.

ಆಟೋದಲ್ಲಿ ನಾನು, ಅವಳು, ಅವಳ ಚೀಲ ಹಿಡಿದು ಮೊಮ್ಮಗ. ಕಾಲೇಜಿನ ಒಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಎಷ್ಟೋ ವರ್ಷ ಕಾಲೇಜು ಹಾಸ್ಟೆಲಿನ ಹಿತ್ತಲಲ್ಲಿದ್ದವಳು. ಕಚೇರಿಯವರು ಪೋಷಕರು ಯಾರೆಂದು ಕೇಳಿದರು. ನಾನೇ ಎಂದೆ. ಕನ್ನಡದಲ್ಲಿ ಸಹಿ ಹಾಕಿದೆ. ಅವರು ಅದರ ಪಕ್ಕ ಮೊಹರು ಒತ್ತಿದರು.

ಹಾಸ್ಟೆಲಿನಲ್ಲಿ ಕೋಣೆ ನೋಡಲು ವಾರ್ಡನ್ ಹುಡುಗಿಯನ್ನು ಮೇಲಕ್ಕೆ ಕರೆದುಕೊಂಡು ಹೋದರು. ಮಂಡಿನೋವಿನಿಂದ ನಾನು ಕೆಳಗೇ ಉಳಿದೆ. ಅಡುಗೆಮನೆಯ ಬಾಗಿಲು ತೆರೆದಿತ್ತು. ನನಗಿಂತ ಎಷ್ಟೋ ಚಿಕ್ಕ ಹೆಂಗಸೊಬ್ಬಳು ಹಬೆಯ ನಡುವೆ ನಿಂತು ಗಂಜಿ ಬಸಿಯುತ್ತಿದ್ದಳು. ನನಗೆ ಅಪರಿಚಿತರನ್ನು ಮಾತಾಡಿಸಿ ಅಭ್ಯಾಸವಿಲ್ಲ. ಆವತ್ತು ಬೆಳಗಿನಿಂದ ಬಾಯಿ ತೆರೆದೇ ಇತ್ತಲ್ಲ, ಒಳಗೆ ಹೋಗಿ ಮಲಯಾಳದಲ್ಲಿ ಕೇಳಿದೆ, "ಮೋಳೆ, ನಿನಗೆ ರಜೆ ಯಾವತ್ತು?"

ಅವಳು ನಾನು ಯಾರೋ ದೊಡ್ಡ ಅಧಿಕಾರಿ ಎಂದುಕೊಂಡಳೋ ಏನೋ, ಸೆರಗು ಸರಿ ಮಾಡಿಕೊಂಡು, "ಬುಧವಾರ" ಎಂದಳು.

"ಕೊಡ್ತಾರಾ?"

"ಕೊಡದೆ? ಕೇಳಿ ತಗೊಳ್ತೇವೆ" ಎಂದು ನಕ್ಕಳು.

ವಾಪಸು ಬರುವಾಗ ಆಟೋದಲ್ಲಿ ಮೊಮ್ಮಗ, "ಅಜ್ಜಿ, ಅವಳ ಕೇಸು ಗೆದ್ದಾಯ್ತು. ನನ್ನದು ಯಾವಾಗ?" ಎಂದ. ತಮಾಷೆಗೆ ಕೇಳಿದ. ಆದರೆ ಕೇಳಿ ಆದ ಮೇಲೆ ಹೊರಗೆ ನೋಡಿದ, ನನ್ನ ಕಡೆ ನೋಡಲಿಲ್ಲ.

ಇದಾಗಿ ಮೂರು ತಿಂಗಳಾಯಿತು. ಮಗ ಪ್ರತಿ ಭಾನುವಾರ ಫೋನು ಮಾಡುತ್ತಾನೆ. ಊಟ ಆಯ್ತಾ ಎನ್ನುತ್ತಾನೆ, ಮಂಡಿನೋವು ಹೇಗುಂಟು ಎನ್ನುತ್ತಾನೆ, ಮುಖ್ಯ ವಿಷಯದ ಹತ್ತಿರ ಬರುವುದಿಲ್ಲ. ಹೋದ ಭಾನುವಾರ ನಾನೇ ಕೇಳಿದೆ, "ನಿನ್ನ ಮಗನಿಗೆ ಐಟಿಐ ಯಾಕೆ ಬೇಡ? ಮರ್ಯಾದೆ ಅಂತ ಮಾತ್ರ ಹೇಳ್ಬೇಡ, ಬೇರೆ ಕಾರಣ ಹೇಳು." "ಯೋಚನೆ ಮಾಡ್ತೇನೆ ಅಮ್ಮ" ಎಂದ ಅವನು. ನಾನು ಫೋನು ಇಡಲಿಲ್ಲ. ಇಲ್ಲೇ ಇದ್ದೇನೆ, ಯೋಚನೆ ಮಾಡು ಎಂದೆ.